ಪಥ್ಯದ ಚೀಟಿ ಎಲ್ಲಿಂದ ಬಂತು?

ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಮೇಲೆ ನಮ್ಮ ಬೋರಾಮಣಿ ಇದೆ. ಮುಂಜಾನೆ ಹೊತ್ತು ಸೊಲ್ಲಾಪುರದ ಕಡೆ ಹೋಗುವ ಬಸ್ಸಿನಲ್ಲಿ ನೀವು ಕುಳಿತಿದ್ದರೆ, ಕೈಯಲ್ಲಿ ದವಾಖಾನೆಯ ಫೈಲು ಹಿಡಿದು, ಮಗನ ಇಲ್ಲವೆ ಸೊಸೆಯ ಹೆಗಲಿಗೆ ಒರಗಿ ಕುಳಿತ ಒಬ್ಬರನ್ನಾದರೂ ನೋಡಿರುತ್ತೀರಿ. ಮುಖ ತುಸು ಬಾತಿರುತ್ತದೆ, ಮುಂಗೈ ಮೇಲೆ ಸೂಜಿಯ ಗುರುತು ಇರುತ್ತದೆ. ಅವರು ಡಯಾಲಿಸಿಸ್ಸಿಗೆ ಹೊರಟವರು. ವಾರಕ್ಕೆ ಎರಡು ಸಲ, ಕೆಲವರು ಮೂರು ಸಲ, ಒಂದೊಂದು ಸಲಕ್ಕೆ ಸುಮಾರು ನಾಲ್ಕು ತಾಸು. ನಮ್ಮ ಹಳ್ಳಿಯ ಮಾತಿನಲ್ಲಿ ಇದಕ್ಕೆ 'ರಕ್ತ ತೊಳಸ್ಕೊಂಡು ಬರೂದು' ಎನ್ನುತ್ತೇವೆ.

ಆ ಫೈಲಿನೊಳಗೆ ರಕ್ತ ತಪಾಸಣೆಯ ಕಾಗದಗಳ ನಡುವೆ ಒಂದು ಚೀಟಿ ಇರುತ್ತದೆ. ಏನು ತಿನ್ನಬೇಕು, ಏನು ತಿನ್ನಬಾರದು, ಎಷ್ಟು ನೀರು ಕುಡಿಯಬೇಕು ಎಂದು ಅದರಲ್ಲಿ ಬರೆದಿರುತ್ತಾರೆ. ಬರೆದವರು ಆಹಾರತಜ್ಞರು. ಮಾತ್ರೆಯ ಚೀಟಿಗೆ ನಾವು ಕೊಡುವ ಮರ್ಯಾದೆಯನ್ನು ಈ ಚೀಟಿಗೆ ಕೊಡುವುದಿಲ್ಲ. ಮಡಚಿ ಇಟ್ಟದ್ದು ಮಡಚಿದಂತೆಯೇ ಉಳಿಯುತ್ತದೆ. ಆದರೆ ಆ ಒಂದು ಕಾಗದ ನಮ್ಮ ಕೈಗೆ ಬರಲು ಸುಮಾರು ಇನ್ನೂರು ವರ್ಷ ಹಿಡಿದಿದೆ. ಇವತ್ತು ನಿಮಗೆ ಆ ಕಥೆ ಹೇಳುತ್ತೇನೆ.

ಮೊದಲು ಕಿಡ್ನಿಯ ಕೆಲಸವೇನು, ನೋಡೋಣ. ಮುಷ್ಟಿಯಷ್ಟು ದೊಡ್ಡದಾದ ಎರಡು ಮೂತ್ರಪಿಂಡಗಳು ನಮ್ಮ ಬೆನ್ನಿನ ಕಡೆ ಇವೆ. ದಿನಕ್ಕೆ ಸುಮಾರು 180 ಲೀಟರ್ ನೀರಂಶವನ್ನು ಅವು ರಕ್ತದಿಂದ ಸೋಸುತ್ತವೆ. ಬೇಕಾದದ್ದನ್ನೆಲ್ಲ ತಿರುಗಿ ಒಳಗೆ ತೆಗೆದುಕೊಂಡು ಒಂದೂವರೆ-ಎರಡು ಲೀಟರಿನಷ್ಟನ್ನು ಮಾತ್ರ ಹೊರಗೆ ಹಾಕುತ್ತವೆ. ನಾವು ತಿಂದ ಬೇಳೆ, ಹಾಲು, ಮಾಂಸ ಕರಗಿದ ಮೇಲೆ ಉಳಿಯುವ ಹೊಲಸು, ಹೆಚ್ಚಾದ ಉಪ್ಪು, ಪೊಟ್ಯಾಶಿಯಂ, ರಂಜಕ ಎಲ್ಲವೂ ಇದೇ ದಾರಿಯಿಂದ ಹೋಗಬೇಕು. ದಾರಿ ಮುಚ್ಚಿದರೆ ಅವು ರಕ್ತದಲ್ಲಿಯೇ ನಿಲ್ಲುತ್ತವೆ. ಹಾಗಾಗಿ ಕಿಡ್ನಿ ಕೆಟ್ಟವರಿಗೆ ದಿನದ ಊಟವೇ ಔಷಧ ಆಗಬಹುದು, ವಿಷವೂ ಆಗಬಹುದು.

ಬಾವು ಬಂದವರು ಉಪ್ಪು ಬಿಡಬೇಕೆಂಬುದು ನಮ್ಮ ವೈದ್ಯರಿಗೆ ಹಿಂದಿನಿಂದಲೂ ಗೊತ್ತಿತ್ತು. ಆಯುರ್ವೇದದಲ್ಲಿ 'ಪಥ್ಯ' ಎಂಬ ಮಾತೇ ಇದೆ. ಕನ್ನಡದಲ್ಲಿಯೂ ಪಥ್ಯ, ಮರಾಠಿಯಲ್ಲಿಯೂ ಪಥ್ಯ. ಗಡಿಯ ಎರಡೂ ಕಡೆ ಅನುವಾದ ಬೇಡದ ಮಾತು ಅದು. ಆದರೆ ಬಾವು ಯಾವ ಅಂಗದಿಂದ ಬಂತು, ಹೃದಯದಿಂದಲೋ, ಯಕೃತ್ತಿನಿಂದಲೋ, ಕಿಡ್ನಿಯಿಂದಲೋ ಎಂದು ಗುರುತಿಸುವ ಸಾಧನ ಆಗ ಇರಲಿಲ್ಲ.

ಆ ಸಾಧನ ಸಿಕ್ಕದ್ದು ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ. ಅಲ್ಲಿನ ವೈದ್ಯ ರಿಚರ್ಡ್ ಬ್ರೈಟ್ ಮೈ ಬಾತ ರೋಗಿಗಳ ಮೂತ್ರವನ್ನು ಒಂದು ಚಮಚದಲ್ಲಿ ಹಿಡಿದು ಮೇಣದಬತ್ತಿಯ ಉರಿಯ ಮೇಲೆ ಕಾಸುತ್ತಿದ್ದ. ತತ್ತಿಯ ಬಿಳಿಭಾಗ ಕಾಸಿದರೆ ಗಟ್ಟಿಯಾಗುತ್ತದಲ್ಲ, ಹಾಗೆ ಆ ಮೂತ್ರವೂ ಬೆಳ್ಳಗೆ ಗಟ್ಟಿಯಾಗುತ್ತಿತ್ತು. ಅಂಥ ರೋಗಿಗಳು ಸತ್ತ ಮೇಲೆ ದೇಹ ತೆರೆದು ನೋಡಿದರೆ ಮೂತ್ರಪಿಂಡಗಳು ಕೆಟ್ಟಿರುತ್ತಿದ್ದವು. 1827ರಲ್ಲಿ ಅವನು ಇದನ್ನು ಪ್ರಕಟಿಸಿದ. ಮುಂದೆ ಬಹಳ ವರ್ಷ ಕಿಡ್ನಿಯ ರೋಗಕ್ಕೆ ಜಗತ್ತು 'ಬ್ರೈಟನ ರೋಗ' ಎಂದೇ ಹೆಸರಿಟ್ಟಿತ್ತು. ರೋಗ ಗುರುತಿಸಲು ಬಂತು, ಗುಣಪಡಿಸಲು ಬರಲಿಲ್ಲ.

1903ರಲ್ಲಿ ಪ್ಯಾರಿಸ್ಸಿನಲ್ಲಿ ಫೆರ್ನಾಂ ವಿದಾಲ್ ಮತ್ತು ಅವನ ಜೊತೆಗಾರ ಜಾವಾಲ್ ಒಬ್ಬ ರೋಗಿಗೆ ಉಪ್ಪು ಕೊಟ್ಟು ನೋಡಿದರು, ಬಿಡಿಸಿ ನೋಡಿದರು. ಉಪ್ಪು ಕೊಟ್ಟಾಗ ಬಾವು ಏರಿತು, ತೂಕ ಏರಿತು. ಬಿಡಿಸಿದಾಗ ಎರಡೂ ಇಳಿದವು. ನಮ್ಮ ವೈದ್ಯರು ಅನುಭವದಿಂದ ಹೇಳುತ್ತಿದ್ದುದನ್ನು ತಕ್ಕಡಿಯಲ್ಲಿ ತೂಗಿ ತೋರಿಸಿದಂತಾಯಿತು.

ಇನ್ನು ಅನ್ನದ ಕಥೆ. ವಾಲ್ಟರ್ ಕೆಂಪ್ನರ್ ಎಂಬ ಜರ್ಮನ್ ವೈದ್ಯ ಹಿಟ್ಲರನ ಕಾಲದಲ್ಲಿ ದೇಶ ಬಿಟ್ಟು 1934ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಬಂದ. ರಕ್ತದೊತ್ತಡವನ್ನು ಇಳಿಸುವ ಒಳ್ಳೆಯ ಮಾತ್ರೆಗಳು ಆಗ ಇರಲಿಲ್ಲ. 1939ರಿಂದ ಅವನು ಕಿಡ್ನಿಯ ರೋಗಿಗಳಿಗೂ ರಕ್ತದೊತ್ತಡದ ರೋಗಿಗಳಿಗೂ ಬರೀ ಅನ್ನ, ಹಣ್ಣು, ಸಕ್ಕರೆ ಕೊಡತೊಡಗಿದ. ಉಪ್ಪು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಪ್ರೋಟೀನ್ ದಿನಕ್ಕೆ 20 ಗ್ರಾಮಿನ ಆಸುಪಾಸು. ಬಹಳ ದಿನ ಇಂಥ ಊಟ ಮಾಡಿದರೆ ಮನುಷ್ಯ ಸೊರಗಿ ಹೋಗುತ್ತಾನೆಂಬ ಭಯ ಅವನಿಗೂ ಇತ್ತು. ಆದುದರಿಂದ ಕೆಲವೇ ದಿನ ಕೊಟ್ಟು ನಿಲ್ಲಿಸುತ್ತಿದ್ದ.

1942ರಲ್ಲಿ ಒಬ್ಬ ಹಳ್ಳಿಯ ಹೆಣ್ಣುಮಗಳು ಬಂದಳು. ಆಕೆಗೆ 33 ವರ್ಷ. ಎರಡು ವಾರ ಈ ಊಟ ಮಾಡಿ ತಿರುಗಿ ಬಾ ಎಂದು ಕೆಂಪ್ನರ್ ಹೇಳಿದ. ಅವನ ಇಂಗ್ಲಿಷಿನಲ್ಲಿ ಜರ್ಮನ್ ಧಾಟಿ ದಟ್ಟವಾಗಿತ್ತು. ಆಕೆಗೆ ಎರಡು ತಿಂಗಳೆಂದು ಕೇಳಿಸಿತು ಎಂದು ಕಥೆ. ಎರಡು ತಿಂಗಳು ಅನ್ನ-ಹಣ್ಣು ತಿಂದು ಆಕೆ ತಿರುಗಿ ಬಂದಾಗ ರಕ್ತದೊತ್ತಡ ಇಳಿದಿತ್ತು, ಉಬ್ಬಿದ ಹೃದಯ ಕುಗ್ಗಿತ್ತು, ಕಣ್ಣಿನೊಳಗಿನ ರಕ್ತಸ್ರಾವ ಮಾಯವಾಗಿತ್ತು. ಆ ಮೇಲೆ ಕೆಂಪ್ನರ್ ತಿಂಗಳುಗಟ್ಟಲೆ ಈ ಪಥ್ಯ ಕೊಡುವ ಧೈರ್ಯ ಮಾಡಿದ.

ಈ ಕಥೆಯನ್ನು ಗಡಿಯ ಊರುಗಳಲ್ಲಿರುವ ನಾವು ವಿಶೇಷವಾಗಿ ನೆನಪಿಡಬೇಕು. ವೈದ್ಯನ ಮಾತು ಒಂದು, ರೋಗಿಯ ಕಿವಿಗೆ ಬಿದ್ದದ್ದು ಇನ್ನೊಂದು. ಆಕೆಯ ಅದೃಷ್ಟ ಚೆನ್ನಾಗಿತ್ತು, ತಪ್ಪಾಗಿ ಕೇಳಿದ್ದರಿಂದ ಬದುಕಿದಳು. ಪ್ರತಿಸಲ ಹಾಗಾಗುವುದಿಲ್ಲ. ಮರಾಠಿಯಲ್ಲಿ 'ಮೀಠ' ಎಂದರೆ ಉಪ್ಪು. ಹಿಂದಿಯಲ್ಲಿ 'ಮೀಠಾ' ಎಂದರೆ ಸಿಹಿ. ಮನೆಯಲ್ಲಿ ಕನ್ನಡ, ಬಜಾರದಲ್ಲಿ ಮರಾಠಿ, ಬಸ್ಸಿನಲ್ಲಿ ಹಿಂದಿ ಆಡುವ ನಮ್ಮ ಅಜ್ಜನಿಗೆ 'ಮೀಠ ಬಂದ್' ಎಂದು ಯಾರಾದರೂ ಹೇಳಿದರೆ, ಅವನು ಮನೆಗೆ ಬಂದು ಚಹಾದ ಸಕ್ಕರೆ ಬಿಟ್ಟು ಉಪ್ಪಿನಕಾಯಿ ತಿನ್ನುತ್ತ ಕುಳಿತರೆ ತಪ್ಪು ಯಾರದು?

ಇರಲಿ, ಮುಂದೆ ಹೋಗೋಣ. ಕೆಂಪ್ನರ್ ಅನ್ನ ಬೇಯಿಸುತ್ತಿದ್ದ ಕಾಲಕ್ಕೇ ನೆದರ್ಲೆಂಡ್ಸಿನ ಕಾಂಪೆನ್ ಎಂಬ ಊರಿನಲ್ಲಿ ವಿಲೆಂ ಕೋಲ್ಫ್ ಎಂಬ ತರುಣ ವೈದ್ಯ ಕಿಡ್ನಿಯ ಕೆಲಸ ಮಾಡುವ ಯಂತ್ರ ಕಟ್ಟುತ್ತಿದ್ದ. ಯುದ್ಧದ ದಿನಗಳು, ದೇಶ ಜರ್ಮನರ ವಶದಲ್ಲಿತ್ತು, ಸಾಮಾನು ಸಿಗುತ್ತಿರಲಿಲ್ಲ. ಮಾಂಸ ತುಂಬಿ ಮಾರಲು ಬಳಸುತ್ತಿದ್ದ ಸೆಲೋಫೇನ್ ಕೊಳವೆಯನ್ನು ಒಂದು ಪೀಪಾಯಿಗೆ ಸುತ್ತಿ, ಅದರೊಳಗೆ ರೋಗಿಯ ರಕ್ತ ಹರಿಸಿ, ಉಪ್ಪುನೀರಿನಲ್ಲಿ ತಿರುಗಿಸಿದ. 1943ರಲ್ಲಿ ಆರಂಭಿಸಿದ ಈ ಪ್ರಯತ್ನದಲ್ಲಿ ಮೊದಲಿನ ರೋಗಿಗಳು ಹೆಚ್ಚಾಗಿ ತೀರಿಕೊಂಡರು. 1945ರ ಸೆಪ್ಟೆಂಬರಿನಲ್ಲಿ 67 ವರ್ಷದ ಒಬ್ಬ ಹೆಂಗಸು ಎಚ್ಚರ ತಪ್ಪಿದ ಸ್ಥಿತಿಯಿಂದ ಕಣ್ಣು ತೆರೆದಳು. ಯಂತ್ರದಿಂದಲೇ ಬದುಕಿದಳೆಂದು ಖಚಿತವಾಗಿ ಹೇಳಬಹುದಾದ ಮೊದಲ ರೋಗಿ ಆಕೆ.

ಆದರೆ ಅದು ಕೆಲವು ದಿನದ ಮಟ್ಟಿಗಿನ ಉಪಾಯ. ಪ್ರತಿಸಲವೂ ಹೊಸ ರಕ್ತನಾಳ ಕೊಯ್ಯಬೇಕಾಗಿತ್ತು. 1960ರ ಮಾರ್ಚಿನಲ್ಲಿ ಅಮೆರಿಕದ ಸಿಯಾಟಲ್ಲಿನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ರೋಗಿಯ ತೋಳಿನಲ್ಲಿ ಕಾಯಮ್ಮಾಗಿ ಇಡಬಹುದಾದ ಟೆಫ್ಲಾನ್ ಕೊಳವೆ ಕೂಡಿಸಿದ. ಅವನ ಮೊದಲ ರೋಗಿ ಹನ್ನೊಂದು ವರ್ಷ ಬದುಕಿದ. ಅಲ್ಲಿಂದ ಕಿಡ್ನಿ ಪೂರ್ತಿ ನಿಂತ ಮೇಲೂ ಬಾಳುವೆ ಸಾಧ್ಯವಾಯಿತು.

ಯಂತ್ರಗಳು ಕೆಲವೇ ಇದ್ದವು, ರೋಗಿಗಳು ಸಾವಿರಾರು ಇದ್ದರು. ಯಂತ್ರ ಸಿಗದವರ ದಿನ ದೂಡುವುದು ಹೇಗೆ? ಇಟಲಿಯ ಜೋರ್ದಾನೋ 1963ರಲ್ಲಿ, ಜೋವನ್ನೆತ್ತಿ ಮತ್ತು ಮಜ್ಜೋರೆ 1964ರಲ್ಲಿ ಒಂದು ಪಥ್ಯ ಪ್ರಕಟಿಸಿದರು. ದಿನಕ್ಕೆ ಸುಮಾರು 20 ಗ್ರಾಂ ಪ್ರೋಟೀನ್, ಅದೂ ಹೆಚ್ಚಾಗಿ ತತ್ತಿಯಂಥ ಉತ್ತಮ ಪದಾರ್ಥದಿಂದ. ಹೊಟ್ಟೆ ತುಂಬಲು ಪ್ರೋಟೀನ್ ತೆಗೆದ ಪಿಷ್ಟದಿಂದ ಮಾಡಿದ ಶಾವಿಗೆ, ರೊಟ್ಟಿ. ಇದರಿಂದ ವಾಂತಿ, ತುರಿಕೆ, ಮಂಪರು ಕಡಿಮೆಯಾದವು. ಇಟಲಿಯವರು ಕಾರಖಾನೆಯಲ್ಲಿ ಮಾಡಿದ್ದು ನಮ್ಮ ಅಂಗಡಿಯಲ್ಲಿಯೇ ಇದೆ ನೋಡಿರಿ. ಸಾಬೂದಾಣಿ ಹೆಚ್ಚುಕಡಿಮೆ ಬರೀ ಪಿಷ್ಟ. ಆದರೆ ಏಕಾದಶಿಯ ಖಿಚಡಿಗೆ ನಾವು ಹುರಿದ ಶೇಂಗಾದ ಪುಡಿ ಧಾರಾಳವಾಗಿ ಹಾಕಿ, ಬಟಾಟಿ ಕೂಡಿಸಿ, ಅದರ ಗುಣವನ್ನೇ ಬದಲಿಸಿಬಿಡುತ್ತೇವೆ.

ಇಷ್ಟೆಲ್ಲ ಹೊರದೇಶದ ಮಾತಾಯಿತು. ಯಾವ ಕಾಳಿನಲ್ಲಿ ಎಷ್ಟು ಪ್ರೋಟೀನ್ ಇದೆಯೆಂದು ಗೊತ್ತಿರದಿದ್ದರೆ ನಮ್ಮ ಆಹಾರತಜ್ಞರು ಪಥ್ಯ ಬರೆಯುವುದು ಹೇಗೆ? ಆ ಲೆಕ್ಕ ಬಂದದ್ದು ಬೋರಾಮಣಿಯ ಮುಂದೆ ಹಾದುಹೋಗುವ ಇದೇ ರಸ್ತೆಯ ಆ ತುದಿಯಿಂದ.

1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಬೆರಿಬೆರಿ ರೋಗದ ವಿಚಾರಣೆಗೆಂದು ಒಂದು ಸಣ್ಣ ಪ್ರಯೋಗಶಾಲೆ ತೆರೆದ. ಅವನ ನಂತರ ಬಂದ ಅಕ್ರಾಯ್ಡ್ 1937ರಲ್ಲಿ ನಮ್ಮ ದೇಶದ ಆಹಾರಪದಾರ್ಥಗಳ ಪೋಷಕಾಂಶದ ಕೋಷ್ಟಕವನ್ನು ಪುಸ್ತಕವಾಗಿ ಹೊರತಂದ. 1958ರಲ್ಲಿ ಆ ಸಂಸ್ಥೆ ಹೈದರಾಬಾದಿಗೆ ಬಂತು. 1969ರಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆ ಎಂಬ ಹೆಸರು ಪಡೆಯಿತು. 1971ರಲ್ಲಿ ಡಾ. ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿಗಳ ಪುಸ್ತಕ, 2017ರಲ್ಲಿ ಹೊಸ ಕೋಷ್ಟಕ ಬಂದವು. 1963ರಲ್ಲಿ ಭಾರತೀಯ ಆಹಾರತಜ್ಞರ ಸಂಘ ಸ್ಥಾಪನೆಯಾಯಿತು. ಅದೇ ವರ್ಷ ಸೊಲ್ಲಾಪುರದಲ್ಲಿ ವೈದ್ಯಕೀಯ ಕಾಲೇಜೂ ಆರಂಭವಾಯಿತು. ಈಗ ಅದು ಡಾ. ವೈಶಂಪಾಯನ ಅವರ ಹೆಸರಿನಲ್ಲಿದೆ. ಅದಕ್ಕೆ ತುಸು ಮುಂಚೆ, 1960ರ ದಶಕದ ಆರಂಭದಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ದೇಶದ ಮೊದಲ ಡಯಾಲಿಸಿಸ್ ನಡೆದಿತ್ತು. 1971ರಲ್ಲಿ ಅಲ್ಲಿಯೇ, ಬದುಕಿರುವ ದಾನಿಯ ಕಿಡ್ನಿಯನ್ನು ರೋಗಿಗೆ ಯಶಸ್ವಿಯಾಗಿ ಜೋಡಿಸಿದರು.

ಆದರೆ ಬಡವರ ಪಾಲಿಗೆ ಡಯಾಲಿಸಿಸ್ ಬಹಳ ವರ್ಷ ದೂರದ ಮಾತಾಗಿತ್ತು. ಹೊಲ ಮಾರಿದರೆ ಕೆಲವು ತಿಂಗಳು, ಆಮೇಲೆ ಮನೆ. 2012ರ ಜುಲೈದಲ್ಲಿ ಮಹಾರಾಷ್ಟ್ರ ಸರಕಾರ ರಾಜೀವ ಗಾಂಧಿ ಜೀವನದಾಯಿ ಆರೋಗ್ಯ ಯೋಜನೆಯನ್ನು ಮೊದಲು ಎಂಟು ಜಿಲ್ಲೆಗಳಲ್ಲಿ ತಂದಿತು. ಆ ಎಂಟರಲ್ಲಿ ನಮ್ಮ ಸೊಲ್ಲಾಪುರವೂ ಒಂದು. 2017ರಲ್ಲಿ ಅದಕ್ಕೆ ಮಹಾತ್ಮಾ ಜ್ಯೋತಿಬಾ ಫುಲೆ ಅವರ ಹೆಸರು ಬಂತು. ಡಯಾಲಿಸಿಸ್ ಅದರಲ್ಲಿ ಸೇರಿದೆ. 2016ರಲ್ಲಿ ಕೇಂದ್ರ ಸರಕಾರವೂ ಜಿಲ್ಲಾ ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ನಡೆಸುವ ರಾಷ್ಟ್ರೀಯ ಕಾರ್ಯಕ್ರಮ ಘೋಷಿಸಿತು. ಯಂತ್ರ ಹತ್ತಿರ ಬಂತು. ಯಂತ್ರದ ಜೊತೆಗೆ ಆಹಾರತಜ್ಞರ ಚೀಟಿಯೂ ಹಳ್ಳಿಗೆ ಬಂತು.

ಈ ಚೀಟಿ ಬರೆಯುವ ಕೆಲಸ ಎಂಥದು? ರಕ್ತದ ತಪಾಸಣೆಯ ಅಂಕಿ ನೋಡಿ ಪಟ್ಟಿ ಹರಿದು ಕೊಡುವುದಷ್ಟೇ ಅಲ್ಲ. ಮೊದಲ ಪ್ರಶ್ನೆ ನಿನ್ನೆಯ ಊಟದ್ದು. ಮಾತು ಸಾಮಾನ್ಯವಾಗಿ ಹೀಗೆ ನಡೆಯುತ್ತದೆ:

"ಅವ್ವಾರ, ನಿನ್ನಿ ಮುಂಜಾನಿಂದ ರಾತ್ರಿ ಮಟ ಏನೇನ್ ಉಂಡ್ರಿ, ಹೇಳ್ರಿ."

"ಏನ್ ಉಂಡೇನ ಯವ್ವಾ, ಎರಡ ರೊಟ್ಟಿ, ಪುಂಡಿಪಲ್ಯೆ, ಸ್ವಲ್ಪ ಹಿಂಡಿ."

"ಸ್ವಲ್ಪ ಅಂದ್ರ ಎಷ್ಟ್ರಿ? ಒಂದ್ ಚಮಚಾನೋ, ಒಂದ್ ಮುಷ್ಟಿನೋ?"

"ರೊಟ್ಟಿ ಮುಗಿಯೂ ಮಟ, ಯವ್ವಾ."

ಈ ಮಾತಿನಲ್ಲಿಯೇ ಎಲ್ಲ ಲೆಕ್ಕ ಇದೆ. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್, ತೊಗರಿಬೇಳೆಯಲ್ಲಿ 22, ಜೋಳದಲ್ಲಿ 10, ಅಕ್ಕಿಯಲ್ಲಿ 7ರ ಹತ್ತಿರ. ಈಗ ನೀವೇ ಎಣಿಸಿರಿ. ಒಂದು ದೊಡ್ಡ ರೊಟ್ಟಿಗೆ 60 ಗ್ರಾಂ ಹಿಟ್ಟು ಎಂದರೆ 6 ಗ್ರಾಂ ಪ್ರೋಟೀನ್. ದಿನಕ್ಕೆ ಐದು ರೊಟ್ಟಿಗೆ 30 ಗ್ರಾಂ. ಕಿಡ್ನಿ ಕೆಟ್ಟರೂ ಡಯಾಲಿಸಿಸ್ ಇನ್ನೂ ಆರಂಭವಾಗದವರಿಗೆ ಒಂದು ಕಿಲೋ ತೂಕಕ್ಕೆ 0.6ರಿಂದ 0.8 ಗ್ರಾಂ ಸಾಕೆಂದು ಈಗಿನ ವೈದ್ಯರು ಹೇಳುತ್ತಾರೆ. 50 ಕಿಲೋದವರಿಗೆ 30ರಿಂದ 40 ಗ್ರಾಂ ಆಯಿತು. 'ಬ್ಯಾಳಿ ಬಿಟ್ಟೀನ್ರಿ, ಬರೀ ರೊಟ್ಟಿ ಉಣ್ತೀನಿ' ಎನ್ನುವವರ ಪಾಲು ರೊಟ್ಟಿಯಲ್ಲಿಯೇ ಮುಗಿದಿರುತ್ತದೆ. ಹಿಂಡಿಗೆ ಜಾಗವೇ ಇಲ್ಲ. ಆದುದರಿಂದ ಒಂದು ಹೊತ್ತಿನ ರೊಟ್ಟಿಗೆ ಬದಲಾಗಿ ಅನ್ನ ಕೊಡುತ್ತಾರೆ.

ಇಲ್ಲಿ ಒಂದು ದೊಡ್ಡ ತಿರುವು ಇದೆ, ದಯವಿಟ್ಟು ಗಮನವಿಟ್ಟು ಕೇಳಿರಿ. ಡಯಾಲಿಸಿಸ್ ಆರಂಭವಾದ ದಿನದಿಂದ ಲೆಕ್ಕ ತಿರುಗುತ್ತದೆ. ರಕ್ತ ತೊಳೆಯುವಾಗ ಹೊಲಸಿನ ಜೊತೆಗೆ ದೇಹಕ್ಕೆ ಬೇಕಾದ ಅಂಶವೂ ಹೋಗುತ್ತದೆ. ಆಗ ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. ಅದೇ 50 ಕಿಲೋದವರಿಗೆ 50ರಿಂದ 60 ಗ್ರಾಂ. ತತ್ತಿಯ ಬಿಳಿಭಾಗ, ಬೇಳೆ, ತಿನ್ನುವವರಿಗೆ ಮೀನು, ಕೋಳಿ ಅಳತೆಯಲ್ಲಿ ಸೇರಿಸಬೇಕು. ಆದರೆ ಮನೆಯಲ್ಲಿ ಹಳೆಯ ಚೀಟಿಯೇ ನಡೆದಿರುತ್ತದೆ. 'ಡಾಕ್ಟರ್ ಬ್ಯಾಳಿ ಬ್ಯಾಡಂದಾರ' ಎಂದು ಸೊಸೆ ನಿಷ್ಠೆಯಿಂದ ಸಪ್ಪನ್ನ ಬಡಿಸುತ್ತಾಳೆ. ಮಾವ ತಿಂಗಳು ತಿಂಗಳಿಗೆ ಸೊರಗುತ್ತಾನೆ. ಊರಿನವರು 'ಮಷೀನು ರಕ್ತ ಹೀರ್ತದ' ಎನ್ನುತ್ತಾರೆ. ಅವನು ಸೊರಗಿದ್ದರಲ್ಲಿ ಊಟದ ಪಾಲೂ ಇದೆ ಎಂದು ಯಾರಿಗೂ ಹೊಳೆಯುವುದಿಲ್ಲ. ಪ್ರೀತಿಯಿಂದ, ಶ್ರದ್ಧೆಯಿಂದ ಆಗುವ ತಪ್ಪು ಇದು.

ಇನ್ನು ಪೊಟ್ಯಾಶಿಯಂ. ಇದು ರಕ್ತದಲ್ಲಿ ಏರಿದರೆ ಹೃದಯ ಒಮ್ಮೆಲೇ ನಿಲ್ಲಬಹುದು. ಎಳನೀರು, ಬಾಳೆಹಣ್ಣು, ಟೊಮೆಟೊ, ಬಟಾಟಿ, ಸೊಪ್ಪುಗಳಲ್ಲಿ ಇದು ಹೆಚ್ಚು. ಸೊಲ್ಲಾಪುರದ ದಾಳಿಂಬ್ರಿ ದೇಶಕ್ಕೆಲ್ಲ ಹೆಸರಾಗಿದೆ. ರೋಗಿಯನ್ನು ನೋಡಲು ಬರುವವರು ಅದರ ರಸವನ್ನೇ ತರುತ್ತಾರೆ. ಪೊಟ್ಯಾಶಿಯಂ ಏರಿದವರಿಗೆ ಆ ರಸ ಸಲ್ಲದು. ಕಾಯಿಪಲ್ಯೆಯನ್ನು ಸಣ್ಣಗೆ ಹೆಚ್ಚಿ, ಬಿಸಿನೀರಿನಲ್ಲಿ ನೆನೆಸಿ, ಬೇರೆ ನೀರಿನಲ್ಲಿ ಕುದಿಸಿ, ಆ ನೀರು ಬಸಿದು ಚೆಲ್ಲಿದರೆ ಅದರ ಬಹುಪಾಲು ಹೋಗುತ್ತದೆ. ಬಸಿಯುವುದು ನಮ್ಮ ಅವ್ವಂದಿರಿಗೆ ಹೊಸದಲ್ಲ. ಆದರೆ ಹೋಳಿಗೆಯ ದಿನ ಬೇಳೆ ಬಸಿದ ಕಟ್ಟನ್ನು ನಾವು ಚೆಲ್ಲುವುದಿಲ್ಲ, ಸಾರು ಮಾಡುತ್ತೇವೆ. ಮರಾಠಿ ಮನೆಗಳಲ್ಲಿ ಅದೇ ಕಟಾಚಿ ಆಮಟಿ. ಎಲ್ಲರಿಗೂ ರುಚಿಯಾದ ಆ ಕಟ್ಟಿನ ಸಾರಿನಲ್ಲಿಯೇ ರೋಗಿ ಬಿಡಬೇಕಾದದ್ದು ಇಳಿದಿರುತ್ತದೆ.

ಉಪ್ಪಿನ ಮಾತಿನಲ್ಲಿ ನಮಗೆ ಒಂದು ಅನುಕೂಲ ಇದೆ. ನಮ್ಮ ಜೋಳದ ರೊಟ್ಟಿಗೆ ಸಾಮಾನ್ಯವಾಗಿ ಉಪ್ಪು ಹಾಕುವುದಿಲ್ಲ. ಪಟ್ಟಣದ ಪಾವು, ಬ್ರೆಡ್ಡಿನಲ್ಲಿ ಉಪ್ಪು ಇರುತ್ತದೆ. ನಮ್ಮ ಉಪ್ಪೆಲ್ಲ ಹಿಂಡಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯಲ್ಲಿದೆ. ಎಲ್ಲ ಕೂಡಿ ದಿನಕ್ಕೆ ಒಂದು ಸಣ್ಣ ಚಮಚ, ಅಂದರೆ 5 ಗ್ರಾಂ ಮೀರಬಾರದು. ಉಪವಾಸದ ಸೈಂಧವ ಲವಣವೂ ಉಪ್ಪೇ. ಬಜಾರದಲ್ಲಿ ಸಿಗುವ ಸೋಡಿಯಂ ಕಡಿಮೆಯ ಉಪ್ಪಿನಲ್ಲಿ ಪೊಟ್ಯಾಶಿಯಂ ಬೆರೆಸಿರುತ್ತಾರೆ; ಕಿಡ್ನಿಯ ರೋಗಿಗೆ ಅದು ಇನ್ನೂ ಅಪಾಯ.

ಎಲ್ಲಕ್ಕಿಂತ ಕಠಿಣವಾದದ್ದು ನೀರು. ಮೂತ್ರ ನಿಂತುಹೋದ ಡಯಾಲಿಸಿಸ್ ರೋಗಿಗೆ ದಿನಕ್ಕೆ ಅರ್ಧ-ಮುಕ್ಕಾಲು ಲೀಟರ್ ಎಂದು ಹೇಳುತ್ತಾರೆ. ಚಹಾ, ಮಜ್ಜಿಗೆ, ಸಾರು, ಅಂಬಲಿ ಎಲ್ಲವೂ ಅದರಲ್ಲಿಯೇ. ಮೇ ತಿಂಗಳಲ್ಲಿ ಬೋರಾಮಣಿಯ ಮಾಳದ ಮೇಲೆ ಬಿಸಿಲು ಹೇಗಿರುತ್ತದೆ, ನಿಮಗೆ ಗೊತ್ತು. ಬಂದವರಿಗೆ ಮೊದಲು ತಂಬಿಗೆ ನೀರು ಕೊಡುವ ಊರಿನಲ್ಲಿ, ಮನೆಯ ಹಿರಿಯನಿಗೆ ನೀರು ಎಣಿಸಿ ಕೊಡಬೇಕಾದ ಕಷ್ಟ ಸಣ್ಣದಲ್ಲ. ಮುಂಜಾನೆ ಒಂದು ಬಾಟಲಿಯಲ್ಲಿ ದಿನದ ಪಾಲು ತುಂಬಿಟ್ಟು ಸಣ್ಣ ಕಪ್ಪಿನಿಂದ ಕುಡಿಯಬೇಕು. ಚಹಾ, ಮಜ್ಜಿಗೆ ಕುಡಿದರೆ ಅಷ್ಟು ನೀರನ್ನು ಬಾಟಲಿಯಿಂದ ತೆಗೆಯಬೇಕು. ಬಾಯಿ ಒಣಗಿದರೆ ನೀರು ಮುಕ್ಕಳಿಸಿ ಉಗುಳಬೇಕು. ಉಪ್ಪು ಕಡಿಮೆ ಮಾಡಿದರೆ ನೀರಡಿಕೆಯೂ ತಾನಾಗಿ ಕಡಿಮೆಯಾಗುತ್ತದೆ.

ಎಳ್ಳಮವಾಸ್ಯೆ ಬರುತ್ತದೆ. ಹೊಲದಲ್ಲಿ ಚರಗ ಚೆಲ್ಲಿ, ಎಲ್ಲ ಕಾಳು, ಎಲ್ಲ ಕಾಯಿಪಲ್ಯೆ ಕೂಡಿಸಿದ ಭಜ್ಜಿ ಉಣ್ಣುತ್ತೇವೆ. ಕಿಡ್ನಿಯ ರೋಗಿಗೆ ಇದರಷ್ಟು ಒಗ್ಗದ ಊಟ ಇನ್ನೊಂದಿಲ್ಲ. ಹಾಗೆಂದು ಅವನನ್ನು ಮನೆಯಲ್ಲಿ ಒಬ್ಬನನ್ನೇ ಬಿಟ್ಟು ಹೋಗಬೇಕೇ? ಬಲ್ಲ ಆಹಾರತಜ್ಞರು ಹಾಗೆ ಹೇಳುವುದಿಲ್ಲ. 'ಹೊಲಕ್ಕ ಹೋಗ್ರಿ, ಎಲ್ಲಾರ ಸಂಗಟ ಕೂಡ್ರಿ, ಭಜ್ಜಿ ಎರಡ ಚಮಚ, ಉಳಿದಿದ್ದು ಬಸಿದ ಪಲ್ಯೆ, ಅನ್ನ' ಎನ್ನುತ್ತಾರೆ. ಪೂರ್ತಿ ನಿಷೇಧ ಹಾಕಿದರೆ ರೋಗಿ ಕದ್ದು ತಿನ್ನುತ್ತಾನೆ. ಕದ್ದು ತಿಂದದ್ದು ಲೆಕ್ಕಕ್ಕೆ ಸಿಗುವುದಿಲ್ಲ.

ಬಂಧುಗಳೇ, ಕೊನೆಗೆ ನಾಲ್ಕು ಮಾತು. ನೆರೆಮನೆಯವರ ಪಥ್ಯ ನಿಮ್ಮದಲ್ಲ. ಒಬ್ಬರ ಔಷಧ ಇನ್ನೊಬ್ಬರಿಗೆ ಒಗ್ಗದ ಹಾಗೆಯೇ ಇದು. ದವಾಖಾನೆಗೆ ಹೋಗುವಾಗ ರೋಗಿಯ ಜೊತೆ ಗಾಡಿ ಹೊಡೆಯುವವನು ಮಾತ್ರ ಹೋದರೆ ಸಾಲದು, ಅಡಿಗೆ ಮಾಡುವವರೂ ಹೋಗಬೇಕು. ಚೀಟಿ ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಇದ್ದರೆ, 'ಇದನ್ನು ಓದಿ ತಿಳಿಸಿ ಹೇಳ್ರಿ' ಎಂದು ಕೇಳಲು ನಾಚಬೇಡಿ. ಕೇಳಿದ್ದನ್ನು ತಿರುಗಿ ನಿಮ್ಮ ಬಾಯಿಂದ ಅವರಿಗೇ ಹೇಳಿ ತೋರಿಸಿ, ಸರಿಯಾಗಿ ಕೇಳಿಸಿತೋ ಇಲ್ಲವೋ ಆಗ ಗೊತ್ತಾಗುತ್ತದೆ. ಮನೆಗೆ ಬಂದು ಶಾಲೆಗೆ ಹೋಗುವ ಮಗುವಿನ ಕೈಯಿಂದ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ ಒಲೆಯ ಮೇಲಿನ ಗೋಡೆಗೆ ಅಂಟಿಸಿರಿ. ರಕ್ತ ತಪಾಸಣೆ ಬದಲಾದಾಗ ಚೀಟಿಯನ್ನೂ ಬದಲಿಸಿಕೊಳ್ಳಿರಿ.

ಲಂಡನ್ನಿನ ಚಮಚ, ಪ್ಯಾರಿಸ್ಸಿನ ತಕ್ಕಡಿ, ಕಾಂಪೆನ್ನಿನ ಪೀಪಾಯಿ, ಹೈದರಾಬಾದಿನ ಕೋಷ್ಟಕ ಎಲ್ಲವನ್ನೂ ದಾಟಿ ಆ ಚೀಟಿ ನಿಮ್ಮ ಫೈಲಿನೊಳಗೆ ಬಂದಿದೆ. ಇನ್ನು ಅದು ಅಡಿಗೆಮನೆಗೆ ಹೋಗುವುದೊಂದು ಬಾಕಿ. ಆ ಕೆಲಸ ನಿಮ್ಮದು.